ಬಗ್ಗದ ಸೊಂಟ

ಪಂಚಾಕ್ಷರಪ್ಪನ ಸೊಂಟ ಹಿಡಿದದ್ದು ಒಂದು ಚಪ್ಪಲಿಯಿಂದ. ಸವಳಂಗದಲ್ಲಿ ಯಾರೆದುರೂ ಬಗ್ಗದ ಮನುಷ್ಯ ಅವನು. ಹಾಲಿನ ಸೊಸೈಟಿಯ ಡೈರೆಕ್ಟರಾಗಲು ಬೆನಕಪ್ಪನ ಎದುರು ನಿಂತಿದ್ದರೂ ಒಬ್ಬರಿಗೂ ಕೈ ಮುಗಿದು ಓಟು ಕೇಳಿರಲಿಲ್ಲ. ಚುನಾವಣೆಯ ದಿನ ಬೆಳಿಗ್ಗೆ, ಮಂಚದ ಕೆಳಗೆ ಸರಿದಿದ್ದ ಚಪ್ಪಲಿಗೆಂದು ಬಗ್ಗಿದ. ಸೊಂಟದಲ್ಲಿ ಚಳಕ್ ಎಂದಿತು. ಕೊಡೆಯ ಹಿಡಿಯಂತೆ ಬಾಗಿದವನು ಮತ್ತೆ ಮೇಲೇಳಲಿಲ್ಲ.

ಹೆಂಡತಿ ನಿರ್ಮಲಮ್ಮ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದಳು. ಮೈ ಜಾರಿತು, ನೋವು ಜಾರಲಿಲ್ಲ.

ಕ್ಷೌರದ ಮೂಕಪ್ಪ ಬಂದ. ಹೆಸರಷ್ಟೇ ಮೂಕಪ್ಪ. "ಎಣ್ಣೆ ಸವರಾಕೆ ಇದೇನು ದೋಸೆ ಹೆಂಚೇನಕ್ಕಾ? ಲಟಿಕೆ ತೆಗೀಬೇಕು!" ಎಂದು ಕುತ್ತಿಗೆಯಿಂದ ಕಾಲ್ಬೆರಳತನಕ ಲಟಲಟ ಮುರಿದ. ಸೊಂಟವೊಂದನ್ನು ಬಿಟ್ಟು ಎಲ್ಲ ಕೀಲೂ ಮಾತಾಡಿದವು.

ಅವನ ಹಿಂದೆಯೇ ಬಂದ ಗರಡಿಯ ಉಸ್ತಾದ ಗಾದ್ರಪ್ಪ ನಕ್ಕ. "ನಿಂದು ಕೂದಲಿನ ಕೆಲ್ಸ ಕಣಪ್ಪ. ಸೊಂಟಕ್ಕೆ ಜಗ್ಗಬೇಕು." ಬೆನ್ನಿಗೆ ಬೆನ್ನು ಕೊಟ್ಟು, ಹಿಂಡಿ ಮೂಟೆಯಂತೆ ಎತ್ತಿ ಕುಲುಕಿದ. ಇಳಿಸಿದಾಗ ಪಂಚಾಕ್ಷರಪ್ಪ ಇನ್ನೊಂದು ಗೇಣು ಬಗ್ಗಿದ್ದ.

ಗಾಳಿಯಾಡಲೆಂದು ಜಗಲಿಗೆ ತಂದು ನಿಲ್ಲಿಸಿದರು. ಎರಡೂ ಕೈ ಎದೆಗೆ ಜೋಡಿಸಿಕೊಂಡರೆ ಮಾತ್ರ ಉಸಿರು ಸಲೀಸು. ಓಟಿಗೆ ಹೊರಟವರು ಬೀದಿಯಲ್ಲೇ ನಿಂತುಬಿಟ್ಟರು.

"ನೋಡ್ರೋ, ಪಂಚಾಕ್ಷರಪ್ನೋರು ಬಗ್ಗಿ ಕೈ ಮುಗೀತಾರೆ!"

"ನಮ್ಮಂಥೋರಿಗಾ? ಶಿವನೇ!"

ಬೆನಕಪ್ಪನ ಕಡೆಯವರೂ ಕಣ್ಣೊರೆಸಿಕೊಂಡರು. ನಿರ್ಮಲಮ್ಮ ಕಿವಿಯಲ್ಲಿ ಉಸುರಿದಳು: "ಏನ್ರೀ, ಸಂಜೆತನಕ ಹಿಂಗೇ ಇದ್ದುಬಿಡ್ರಿ. ಗೆದ್ದಂಗೇ."

"ಬಗ್ಗಿ ಗೆಲ್ಲಾಕೆ ನಾನೇನು ಬೆನಕಪ್ಪನಾ? ಮೊದ್ಲು ನನ್ನ ನೆಟ್ಟಗೆ ಮಾಡ್ರಿ!"

ಅರ್ಧ ಊರು ಇನ್ನೂ ಹೊಲದಲ್ಲಿತ್ತು. ಮಧ್ಯಾಹ್ನದ ಮೇಲೆ ಓಟಿಗೆ ಬರುವುದಿತ್ತು. ಅಷ್ಟರಲ್ಲಿ ಮೂಕಪ್ಪ ದಪ್ಪನೆಯ ಹಿರಿಯ ಹೆಂಗಸೊಬ್ಬರನ್ನು ಕರೆತಂದ.

"ಸರ್ವಮಂಗಳಮ್ಮ ಅಂತ, ಜಗಳೂರಿಂದ ಬಂದಾರೆ. ಕಾಲು ಮುಂದಾಗಿ ಹುಟ್ಟಿದೋರು! ಇವ್ರು ಮೂರು ಸಲ ಒದ್ರೆ ಎಂಥಾ ಉಳುಕೂ ಬಿಡ್ತೈತೆ."

"ಯಾರ ಮನೆಗೆ ಬಂದಿರೋದು?"

"ಮನೆ ಕಟ್ಕೊಂಡು ಏನ್ಮಾಡ್ತೀರಿ ಯಜಮಾನ್ರೇ? ಕಾಲು ನೋಡ್ರಿ!"

"ನಾನು ಒದೆಸ್ಕೊಳ್ಳೋದಾ?"

"ಹಿಂಗೇ ಬಗ್ಗಿರ್ತೀರಾ, ಒಂದು ಗಳಿಗೆ ಒದೆಸ್ಕೊಂತೀರಾ?" ಎಂದರು ಸರ್ವಮಂಗಳಮ್ಮ. "ತಿರುಗ್ರಿ."

ಪಂಚಾಕ್ಷರಪ್ಪ ಕಣ್ಣು ಮುಚ್ಚಿ ತಿರುಗಿದ. ಮೊದಲೆರಡು ಸಲ ಕಾಲು ಸುಮ್ಮನೆ ತಾಗಿತು. ಮೂರನೆಯದು ಹಾಲು ಕೊಡದ ಎಮ್ಮೆಯ ಒದೆ. ಲಟಕ್!

ಧ್ವಜದ ಕಂಬದಂತೆ ನೆಟ್ಟಗಾದ. ಮೀಸೆ ತಿರುವಿಕೊಂಡು, ಎದೆಯುಬ್ಬಿಸಿ, ಹೊಲದಿಂದ ಬರುವವರ ತಲೆಗಳ ಮೇಲಿಂದ ನೋಡುತ್ತಾ ಸೊಸೈಟಿಗೆ ನಡೆದ.

"ಬೆಳಿಗ್ಗೆ ಬಗ್ಗಿದ್ರಂತೆ, ಸುಳ್ಳು! ಅದೇ ಸೆಟಗೊಂಡ ಕುತ್ತಿಗೆ," ಎಂದರು ಅವರು.

ಸಂಜೆ ಬೆನಕಪ್ಪ ಗೆದ್ದ. ಸೊಸೈಟಿಯೊಳಗೆ ನಿಂತಿದ್ದ ಪಂಚಾಕ್ಷರಪ್ಪನ ಹತ್ತಿರ ಹಾರ ಹಾಕಿಕೊಂಡೇ ಬಂದ, ಪಕ್ಕದಲ್ಲಿ ಸರ್ವಮಂಗಳಮ್ಮ.

"ಸೊಂಟ ಹೆಂಗೈತ್ರೀ? ಬೆಳಿಗ್ಗೆ ನಿಮ್ಮ ಜಗಲಿ ಮುಂದೆ ನಮ್ಮೋರೂ ಕಣ್ಣೊರೆಸ್ಕೊಳ್ಳೋದು ಕಂಡು ನನ್ನೆದೆ ಧಸಕ್ ಅಂತು. ಅದಕ್ಕೇ ನಮ್ಮ ಅತ್ತೇರನ್ನ ಕಳಿಸ್ದೆ."

ಪಂಚಾಕ್ಷರಪ್ಪನ ಮುಖ ಕೆಂಪಾಯಿತು. ತಲೆ ಮಾತ್ರ ತಗ್ಗಲಿಲ್ಲ. "ಸೋತಿರಬಹುದು. ನೆಟ್ಟಗೆ ನಿಂತು ಸೋತಿದೀನಿ!" ಎಂದು ಹೊರಗೆ ನಡೆದ.

ಬಾಗಿಲಲ್ಲಿ ಬಿಟ್ಟಿದ್ದ ಅವನ ಚಪ್ಪಲಿ ಜನರ ಕಾಲಿಗೆ ಸಿಕ್ಕಿ ಬೆಂಚಿನ ಕೆಳಗೆ ಸರಿದಿತ್ತು. ಬಗ್ಗಿದ.

ಚಳಕ್.

"ಅಯ್ಯೋ, ನಂಗ್ಯಾಕ್ರೀ ಇಷ್ಟೊಂದು ನಮಸ್ಕಾರ?" ಎಂದ ಬೆನಕಪ್ಪ, ಇಡೀ ಸೊಸೈಟಿಗೆ ಕೇಳುವಂತೆ.

ಸರ್ವಮಂಗಳಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು. "ತಿರುಗ್ರಿ."