ಮಾವನ ಒಂಬೈನೂರ ತೊಂಬತ್ತೊಂಬತ್ತು

ನಮ್ಮ ಸೋದರಮಾವನಿಗೆ ನೀರಿನ ಮೇಲೆ ನಂಬಿಕೆಯಿಲ್ಲ. ಬಕೆಟ್ಟು ತುಂಬಿ ತುಳುಕುತ್ತಿದ್ದರೂ, ಎಷ್ಟಿದೆ ಅಂತ ಒಂದು ಮೀಟರು ಹೇಳುವ ತನಕ ಅವರ ಮಟ್ಟಿಗೆ ಅಲ್ಲಿ ನೀರೇ ಇಲ್ಲ! ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೀಟರುಗಳನ್ನು ಪರೀಕ್ಷಿಸುವ ವಿಭಾಗದಲ್ಲಿ ಮೂವತ್ತು ವರ್ಷ ಕೂತು ಬಂದವರು. ಜ್ವರ ಬಂದರೆ ಎರಡು ಥರ್ಮಾಮೀಟರು ಇಟ್ಟುಕೊಳ್ಳುತ್ತಾರೆ. ಒಂದು ಜ್ವರ ನೋಡಲು, ಇನ್ನೊಂದು ಮೊದಲನೆಯದು ಸರಿಯಿದೆಯೇ ಅಂತ ನೋಡಲು. ಎರಡಕ್ಕೂ ಅರ್ಧ ಡಿಗ್ರಿ ವ್ಯತ್ಯಾಸ ಬಂತೋ, ಜ್ವರ ಮರೆತು ಥರ್ಮಾಮೀಟರಿನ ಶುಶ್ರೂಷೆಗೆ ಕೂರುತ್ತಾರೆ. ಇಂಥವರಿಗೆ ಹೆಣ್ಣು ಕೊಟ್ಟ ಪುಣ್ಯಾತ್ಮರು ಯಾರು ಅಂತ ಕೇಳಬೇಡಿ. ಅವರು ಅಳಿಯನ ಸಂಬಳ ವಿಚಾರಿಸಿದ್ದರು, ಅಭ್ಯಾಸ ವಿಚಾರಿಸಲಿಲ್ಲ.

ಗರುಡಾಚಾರ್‌ಪಾಳ್ಯದ ಅವರ ಮನೆ ದೊಡ್ಡನೆಕ್ಕುಂದಿಯ ನನ್ನ ಆಫೀಸಿಗೆ ಹತ್ತಿರ. ಮೊಬೈಲುಗಳಲ್ಲಿ ಬ್ಲೂಟೂತ್ ಬಂದು ಜನ ಬಸ್ಸಿನಲ್ಲಿ ಕೂತು ರಿಂಗ್‌ಟೋನು ಹಂಚಿಕೊಳ್ಳುತ್ತಿದ್ದ ಕಾಲ ಅದು. ಶನಿವಾರ ಬೆಳಗ್ಗೆ ತಿಂಡಿಗೆ ನಾನು ಅಲ್ಲಿ ಹಾಜರು. ಅತ್ತೆಯ ರವೆ ಇಡ್ಲಿಗೆ ಅಂತ ಹೋಗಿ ಮಾವನ ಉಪನ್ಯಾಸ ಕೇಳಿ ಬರುವುದು ನನ್ನ ವಾರದ ವ್ರತವಾಗಿತ್ತು.

ಆ ವರ್ಷ ಅತ್ತೆ ತಾರಸಿ ಮೆಟ್ಟಿಲಿನಿಂದ ಬಿದ್ದರು. ತಲೆಸುತ್ತು ಬಂದು ಐದಾರು ಮೆಟ್ಟಿಲು ಉರುಳಿ, ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಇನ್ನು ಮೆಟ್ಟಿಲು ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ಅತ್ತೆ ಅವರ ಮುಂದೆ ಗೋಣು ಆಡಿಸಿದರು. ಹೊಲಿಗೆ ಬಿಚ್ಚಿದ ಮಾರನೇ ದಿನ ತಾರಸಿಯಲ್ಲಿದ್ದರು! ಮೋಟರು ಹಾಕಿ, ಮೇಲೆ ಹೋಗಿ, ಟ್ಯಾಂಕಿನ ಮುಚ್ಚಳ ಎತ್ತಿ ನೀರು ಎಲ್ಲಿಗೆ ಬಂತು ಅಂತ ಇಣುಕದಿದ್ದರೆ ಅವರಿಗೆ ಸಮಾಧಾನವಿಲ್ಲ. ಗಂಡ ಮೀಟರು ಬಿಟ್ಟು ಯಾರನ್ನೂ ನಂಬುವುದಿಲ್ಲ, ಹೆಂಡತಿ ತನ್ನ ಕಣ್ಣು ಬಿಟ್ಟು ಯಾರನ್ನೂ ನಂಬುವುದಿಲ್ಲ. ಮಾವ ಬೈದರು, ಮುನಿಸಿಕೊಂಡರು, ಒಂದು ಹೊತ್ತು ಊಟ ಬಿಟ್ಟರು. ಏನೂ ಪ್ರಯೋಜನವಾಗಲಿಲ್ಲ.

ಕೊನೆಗೆ ಒಂದು ಶನಿವಾರ ಘೋಷಣೆಯಾಯಿತು. ಟ್ಯಾಂಕಿನ ಮುಚ್ಚಳದ ಒಳಗೆ ಶಬ್ದ ಬಿಟ್ಟು ಪ್ರತಿಧ್ವನಿ ಕೇಳಿ ನೀರಿನ ಮಟ್ಟ ಅಳೆಯುವ ಸೆನ್ಸರು, ಅದರ ಪಕ್ಕ ಒಂದು ಬ್ಲೂಟೂತ್ ತುಂಡು. ಕೆಳಗೆ ಅಡುಗೆಮನೆಯಲ್ಲಿ ಇನ್ನೊಂದು ಬ್ಲೂಟೂತ್ ತುಂಡು, ಅದು ಹಿಡಿದ ಲೆಕ್ಕವನ್ನು ಓದುವ ಮೈಕ್ರೋಕಂಟ್ರೋಲರು, ನೂರಕ್ಕೆ ಎಷ್ಟು ತುಂಬಿದೆ ಅಂತ ತೋರಿಸುವ ಪುಟ್ಟ ಪರದೆ. ವೈರೇ ಇಲ್ಲ! ಟ್ಯಾಂಕು ತುಂಬಿದರೆ ಹೊಡೆದುಕೊಳ್ಳುವ ಗಂಟೆ ಅಂಗಡಿಯಲ್ಲೇ ಸಿಗುತ್ತದಲ್ಲ ಎಂದೆ ನಾನು. ಕಾಫಿಗೆ ಉಪ್ಪು ಕೇಳಿದವನನ್ನು ನೋಡುವ ಹಾಗೆ ನೋಡಿದರು.

"ಗಂಟೆ ಹೊಡೆದ್ರೆ ತುಂಬಿದೆ ಅಂತ ಗೊತ್ತಾಗುತ್ತೆ. ಎಷ್ಟು ತುಂಬಿದೆ ಅಂತ?"

ತುಂಬಿದ ಮೇಲೆ ಎಷ್ಟು ಅಂತ ಕೇಳುವವರ ಜೊತೆ ಏನು ವಾದ ಮಾಡುತ್ತೀರಿ?

ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಆರು ಸಲ ಹೋಗಿ ಬಂದು, ಬೆಸುಗೆ ಹಾಕಿ, ಒಂದು ಭಾನುವಾರ ಸ್ವಿಚ್ಚು ಒತ್ತಿದರು. ಪರದೆಯ ಮೇಲೆ ಚೌಕ, ಬಾಲ, ಕೊಂಬು, ಪ್ರಶ್ನಾರ್ಥಕ ಚಿಹ್ನೆ ಎಲ್ಲ ಸಾಲಾಗಿ ಬಂದವು. ಅತ್ತೆ ಯಾವುದೋ ಯಂತ್ರ ಬರೆದಿದ್ದಾರೆ ಅಂದುಕೊಂಡು ಕುಂಕುಮ ತರಲೇ ಎಂದರು. ಮಾವ ಎರಡು ದಿನ ತಲೆ ಕೆರೆದುಕೊಂಡು ರೋಗ ಪತ್ತೆ ಹಚ್ಚಿದರು: ಮೇಲಿನದು ಒಂದು ವೇಗದಲ್ಲಿ ಮಾತಾಡುತ್ತಿದೆ, ಕೆಳಗಿನದು ಇನ್ನೊಂದು ವೇಗದಲ್ಲಿ ಕೇಳಿಸಿಕೊಳ್ಳುತ್ತಿದೆ, ಅದಕ್ಕೇ ಏನೂ ಅರ್ಥವಾಗುತ್ತಿಲ್ಲ.

"ಇದನ್ನ ಕಂಡ್ಹಿಡಿಯೋಕೆ ಎರಡು ದಿನ ಬೇಕಾಯ್ತಾ? ನಮ್ಮನೇಲಿ ಮೂವತ್ತು ವರ್ಷದಿಂದ ನಡೀತಿರೋದೇ ಅದಲ್ವಾ," ಎಂದರು ಅತ್ತೆ.

ವೇಗ ಸರಿಮಾಡಿದ ಮೇಲೆ ಅಂಕಿ ಬಂತು. ಮಾವನ ಉತ್ಸಾಹ ಉಕ್ಕಿ, ಪಕ್ಕದ ಮನೆಯ ನಿವೃತ್ತ ವಿಮಾ ಅಧಿಕಾರಿಗೂ ಅಂಥದೇ ಒಂದನ್ನು ಮಾಡಿಕೊಟ್ಟರು. ಅಲ್ಲೇ ಎಡವಿದ್ದು! ಎರಡು ಮನೆಯ ತುಂಡುಗಳಿಗೂ ಅಂಗಡಿಯಿಂದ ಬಂದಾಗಿನ ಒಂದೇ ಹೆಸರು, ಒಂದೇ ಗುಪ್ತ ಸಂಖ್ಯೆ, ಒಂದು ಎರಡು ಮೂರು ನಾಲ್ಕು. ಜಗತ್ತಿನ ಎಲ್ಲ ಮೀಟರುಗಳನ್ನೂ ಸಂಶಯಿಸಿದ ಮನುಷ್ಯ ಇದೊಂದನ್ನು ಬದಲಾಯಿಸಲು ಮರೆತಿದ್ದರು. ಒಂದು ಬೆಳಗ್ಗೆ ಕರೆಂಟು ಹೋಗಿ ಬಂತು. ಮಾವನ ಅಡುಗೆಮನೆಯ ಪೆಟ್ಟಿಗೆ ಎಚ್ಚೆತ್ತು, ಕೈಗೆ ಮೊದಲು ಸಿಕ್ಕಿದ ಪಕ್ಕದ ಮನೆಯ ಟ್ಯಾಂಕನ್ನು ಹಿಡಿದುಕೊಂಡಿತು. ಮಾವ ತೊಂಬತ್ತೆರಡು ಅಂತ ನೋಡಿಕೊಂಡು ಸ್ನಾನಕ್ಕೆ ಹೋದರು. ಮೈತುಂಬ ಸೋಪು ಹಚ್ಚಿದ ಮೇಲೆ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಟ್ಯಾಂಕು ಖಾಲಿ ಎಂದು ಅತ್ತೆ ಹೊರಗಿನಿಂದ ಹೇಳಿದರು. ಸಾಧ್ಯವೇ ಇಲ್ಲ, ತೊಂಬತ್ತೆರಡು ಇದೆ, ನಲ್ಲಿಯೇ ಕೆಟ್ಟಿದೆ ಎಂದು ಮಾವ ಒಳಗಿನಿಂದ ವಾದಿಸಿದರು. ವಾದ ಮುಗಿಯುವಷ್ಟರಲ್ಲಿ ಸೋಪು ಒಣಗಿ ಬಿರುಕು ಬಿಟ್ಟಿತ್ತು. ಕೊನೆಗೆ ಪಕ್ಕದ ಮನೆಯವರೇ ಎರಡು ಬಕೆಟ್ಟು ನೀರು ತಂದುಕೊಟ್ಟರು. ಅಂಕಿ ಅವರದು, ನೀರೂ ಅವರದೇ!

ಆಮೇಲೆ ಹೆಸರು, ಸಂಖ್ಯೆ ಬದಲಾಗಿ ಯಂತ್ರ ಸರಿಹೋಯಿತು. ಅತ್ತೆ ಮಾತ್ರ ಸರಿಹೋಗಲಿಲ್ಲ. ಪರದೆ ನೋಡುವರು, ತಲೆಯಾಡಿಸುವರು, ಮಾವ ಪೇಪರು ಹಿಡಿದದ್ದೇ ತಡ ಮೆಲ್ಲಗೆ ತಾರಸಿಗೆ ಹೋಗಿ ಮುಚ್ಚಳ ಎತ್ತುವರು. ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದಾಗ ಸೆನ್ಸರಿನ ಮುಖ ಆಕಾಶಕ್ಕೆ. ಪ್ರತಿಧ್ವನಿ ಎಲ್ಲಿಂದ ಬರಬೇಕು? ಆಗ ಪರದೆಯ ಮೇಲೆ ೯೯೯ ಅಂತ ಬೀಳುತ್ತಿತ್ತು. ನೂರಕ್ಕೆ ಒಂಬೈನೂರ ತೊಂಬತ್ತೊಂಬತ್ತು ತುಂಬಿದ ಟ್ಯಾಂಕು!

ನಾನು ಹೇಳಿಕೇಳಿ ಸಾಫ್ಟ್‌ವೇರಿನವನು. ಆಫೀಸಿನಲ್ಲಿ ನನ್ನ ಕೆಲಸವೇ ಹಾಳು ಅಂಕಿಗಳನ್ನು ಸೋಸಿ ಎಸೆಯುವುದು. ಮಾವ ಮಾರ್ಕೆಟ್ಟಿಗೆ ಹೋಗಿದ್ದಾಗ ಅವರ ಪ್ರೋಗ್ರಾಮಿನಲ್ಲಿ ಒಂದೇ ಸಾಲು ಸೇರಿಸಿದೆ: ನೂರಕ್ಕಿಂತ ಹೆಚ್ಚು ಬಂದರೆ ಬಿಟ್ಟುಬಿಡು, ಹಳೆಯ ಅಂಕಿಯನ್ನೇ ತೋರಿಸು. ಎಂಥ ಅಳಿಯ ಅಂತ ನನಗೇ ನನ್ನ ಮೇಲೆ ಹೆಮ್ಮೆಯಾಯಿತು.

ಎರಡು ದಿನ ಬಿಟ್ಟು ಆಫೀಸಿಗೆ ಮಾವನ ಫೋನು ಬಂತು. ಸಂಜೆ ಬಾ ಎಂದರು, ಇಟ್ಟರು. ಹೋದರೆ ಅಡುಗೆಮನೆಯಲ್ಲಿ ಪರದೆಯ ಮುಂದೆ ಕೂತಿದ್ದರು. ಅಷ್ಟು ಸಿಟ್ಟಿನಲ್ಲಿ ನಾನು ಅವರನ್ನು ಎಂದೂ ಕಂಡಿರಲಿಲ್ಲ.

"ಆ ಸಾಲು ತೆಗಿ."

"ಮಾವ, ಅದು ತಪ್ಪು ಡೇಟಾ. ಶಬ್ದ ವಾಪಸ್ ಬರದೆ ಇದ್ರೆ..."

"ಗೊತ್ತು ಕಣೋ. ಬೆಳಗ್ಗೆಯೆಲ್ಲ ಎಪ್ಪತ್ನಾಲ್ಕು ತೋರಿಸ್ತಿತ್ತು. ಅವಳು ಕೆಳಗೇ ಇದಾಳೆ ಅಂದ್ಕೊಂಡೆ. ಕರೆದ್ರೆ ಉತ್ತರ ಇಲ್ಲ. ಓಡಿಹೋಗಿ ನೋಡಿದ್ರೆ ಮೆಟ್ಟಿಲ ಮಧ್ಯದಲ್ಲಿ ಗೋಡೆ ಹಿಡ್ಕೊಂಡು ಕೂತಿದ್ಲು."

ನಾನು ಅವರ ಪ್ರೋಗ್ರಾಮು ತೆರೆದೆ. ಮಾವ ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು:

"ನೀರಿನದೇನು, ಖಾಲಿಯಾದ್ರೆ ತುಂಬುತ್ತೆ. ನನಗೆ ಬೇಕಾಗಿರೋದು ಆ ೯೯೯ ಒಂದೇ."

ಅಲ್ಲೇ ಕೂತು ಸಾಲು ಅಳಿಸಿದೆ. ಇಷ್ಟು ದಿನ ನಗುತ್ತಿದ್ದೆನಲ್ಲ ಅಂತ ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಮುಂದಿನ ಶನಿವಾರ ಇಡ್ಲಿ ತಿನ್ನುತ್ತಿದ್ದೆ. ಅತ್ತೆ ಚಟ್ನಿ ಬಡಿಸಿ, ಬಟ್ಟೆ ಒಣಗಿದೆಯೇನೋ ನೋಡುತ್ತೇನೆ ಅಂತ ಗೊಣಗಿಕೊಂಡು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಪರದೆ ೯೯೯ ಎಂದಿತು. ಮಾವ ತಟ್ಟೆ ಬಿಟ್ಟೆದ್ದು, ಒಂದು ಸ್ಕ್ರೂಡ್ರೈವರು ಹಿಡಿದು, ತಾರಸಿ ಮೆಟ್ಟಿಲಿನ ಬುಡಕ್ಕೆ ಹೋಗಿ ಬಗ್ಗಿ ನೆಲದಲ್ಲಿ ಏನೋ ಹುಡುಕತೊಡಗಿದರು. ಪರದೆ ಎಂಬತ್ತೊಂದಕ್ಕೆ ಬಂತು. ಮೇಲಿನಿಂದ ನಿಧಾನವಾಗಿ ಹೆಜ್ಜೆ ಸಪ್ಪಳ. ಮಾವ ಬಗ್ಗಿದವರು ಬಗ್ಗಿಯೇ ಇದ್ದರು, ಕೈ ಮಾತ್ರ ಗೋಡೆಯ ಮೇಲೆ ಮುಂದಕ್ಕೆ ಚಾಚಿಕೊಂಡಿತ್ತು. ಅತ್ತೆ ಕೊನೆಯ ಮೂರು ಮೆಟ್ಟಿಲನ್ನು ಆ ಕೈ ಹಿಡಿದೇ ಇಳಿದರು.

"ಏನ್ರೀ, ದಿನಾ ಹುಡುಕ್ತೀರಲ್ಲ, ಸ್ಕ್ರೂ ಸಿಕ್ತಾ?"

"ಹೂಂ," ಎಂದರು ಮಾವ, "ಈಗ ಸಿಕ್ತು."