ಕಡಲ ದಂಡಿಗೆ ಹೊಂಟ ರೊಟ್ಟಿ ಗಂಟು

ಕೆಲವರಿಗೆ ಶನಿ ಕಾಡ್ತಾನಂತ. ನನಗ ನಗಿ ಕಾಡ್ತೈತಿ, ಎಲ್ಲಿ ಹೋದ್ರೂ ಬೆನ್ನ ಬಿಡಂಗಿಲ್ಲ. ಐವತ್ತರ ದಶಕದ ಮಾತು. ಗಜೇಂದ್ರಗಡದಾಗ ಮಗ್ಗದ ಮುಂದ ಕುಂತು ಸೀರಿ ನೇಯ್ದು ನೇಯ್ದು ಬ್ಯಾಸರಾತು. ಒಮ್ಮೆ ಸಮುದ್ರ ನೋಡೇ ಬಿಡೂಣು, ಗೋಕರ್ಣದಿಂದ ದಂಡಿ ಹಿಡದು ನಡಕೋತ ಹೋಗೂಣು ಅಂತ ಒಬ್ಬನ ಹೊಂಟೆ. ಕಿಸೆ ಭಾಳ ಹಗರ. ಅವ್ವ ಹತ್ತು ದಿನದ ಖಡಕ್ ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ ಬಿಳೀ ಅರಿವ್ಯಾಗ ಕಟ್ಟಿ ಬೆನ್ನಿಗೇರಿಸಿದ್ಲು. "ರೊಟ್ಟಿ ತೀರಿದ ದಿನ ಹೊಳ್ಳಿ ಬಾ" ಅಂದ್ಲು. ನನ್ನ ತಿರುಗಾಟೆಲ್ಲಾ ಆ ಗಂಟಿನ್ಯಾಗ ಇತ್ತು.

೧. ಅವ್ವಂದು

ಬಸ್ಸಿನ್ಯಾಗ ನಿಂತಿದ್ದೆ. ಬಾಜೂಕ ಕುಂತಿದ್ದ ಅಬ್ಬಿಗೇರಿ ಹಿರ್ಯಾರು "ಎಲ್ಲಿಗೆ ತಮ್ಮಾ?" ಅಂದ್ರು.

"ಗೋಕರ್ಣಕ್ರಿ."

ಅವರ ಕಣ್ಣು ಬಿಳೀ ಗಂಟಿನ ಮ್ಯಾಲೆ ಹೋತು. ನಮ್ಮ ಕಡೆ ಮಂದಿ ಗೋಕರ್ಣಕ್ಕ ಹೋಗೂದು ಸತ್ತವರ ಅಸ್ಥಿ ಬಿಡಾಕ. ಆ ಹೊತ್ತಿಗೆ ನನಗದು ಹೊಳೀಲೇ ಇಲ್ಲ.

"ಅಪ್ಪಾರದೇನು?"

ಯಾರು ಕಟ್ಟಿಕೊಟ್ರು ಅಂತ ಕೇಳ್ಯಾರ ಅನಕೊಂಡು, "ಇಲ್ರಿ, ಅವ್ವಂದು" ಅಂದೆ.

ಪಾಪ, ಎದ್ದು ಸೀಟು ಬಿಟ್ಟುಕೊಟ್ರು, ಗಂಟಿಗೆ ಕೈ ಮುಗದ್ರು. ಎಂಥಾ ಚಲೋ ಮನುಷ್ಯಾರಪ್ಪ ಅಂತ ಕುಂತೆ. ಹಸಿವಾತು. ಗಂಟಿನ್ಯಾಗ ಕೈ ಹಾಕಿ, ಕಟಕ್ ಅಂತ ಒಂದು ತುಂಡು ಮುರದು ಬಾಯಾಗ ಹಾಕ್ಕೊಂಡೆ.

"ಯಪ್ಪೋ, ಗಾಡಿ ನಿಂದರಸೋ!" ಅಂತ ಹಿರ್ಯಾರು ಚೀರಿದ್ರು.

೨. ಹಪ್ಪಳ

ಗೋಕರ್ಣದ ಆಚೆ ಒಂದು ಮನ್ಯಾಗ ಮಜ್ಜಿಗಿ ಕೊಟ್ರು. ಆ ಮನಿ ಅಮ್ಮಗ ನಾ ಎರಡು ರೊಟ್ಟಿ ಕೊಟ್ಟೆ. ಒಳಗ ಹೋದವರು ಸ್ವಲ್ಪ ಹೊತ್ತಿಗೆ ಹೊರಗ ಬಂದು, "ಇಷ್ಟು ದೊಡ್ಡ ಹಪ್ಪಳ ಕರಿಯೂಕೆ ನಮ್ಮನೆ ಬಾಣಲೆ ಸಾಲೂದಿಲ್ವಲ್ಲ ಮಾರಾಯಾ!" ಅಂದ್ರು.

೩. ಹಳ್ಳ ಬಂತು

ಇದನ್ನ ನೆನೆಸಿದ್ರ ಈಗ ಹೊಟ್ಟಿ ಹಿಡಕೊಂಡು ನಗತೀನಿ, ಅವತ್ತು ಖರೇನ ಅತ್ತಿದ್ದೆ. ಮೂರನೇ ದಿನ ಒಣ ಉಸುಕಿನ ಮ್ಯಾಲೆ ಗಂಟಿಟ್ಟು, ನಾಲ್ಕು ಮಾರು ಮ್ಯಾಲೆ ದೋಣಿ ನೆರಳಾಗ ಮಲಗಿದೆ. ಕಣ್ಣ ತೆಗದ್ರ ಗಂಟಿಟ್ಟಲ್ಲಿ ಉಸುಕೇ ಇಲ್ಲ, ಬರೇ ನೀರು! ನನ್ನ ಗಂಟು ತೆರಿ ಮ್ಯಾಲೆ ತೇಲಿಕೋತ ಹೊಂಟಿತ್ತು. ನನಗೋ ಈಜು ಬರಂಗಿಲ್ಲ.

ನಮ್ಮ ಬೆಣ್ಣಿಹಳ್ಳದ ಆಟ ಹಿಂಗ ನೋಡ್ರಿ: ಇಲ್ಲಿ ರಣ ಬಿಸಿಲು, ಎಲ್ಲೋ ಮ್ಯಾಲೆ ಮಳಿಯಾಗಿ ದಡಗ್ನ ಹಳ್ಳ ತುಂಬಿ ಬರ್ತೈತಿ, ಸಂತಿ ದಾರಿ ಬಂದ್ ಆಗ್ತೈತಿ. ಮೊದಲ ಕಂಡಾಂವ ಒದರಬೇಕು. ನಾ ಮೀನುಗಾರರ ಕೇರಿಗೆ ಓಡಿದೆ. "ಹಳ್ಳ ಬಂತೂ! ದನಾ ಬಿಚ್ಚರಿ! ಎತ್ತರಕ್ಕ ಹತ್ತರಿ!"

ಕೇರಿಯೆಲ್ಲ ಹೊರಗ ಬಂತು. ಒಬ್ಬ ಮುದುಕಿ, "ಎಲ್ಲಿ ಹಳ್ಳ?" ಅಂದ್ಲು. ಸಮುದ್ರ ತೋರಿಸಿದೆ.

"ಅದು ಭರತಿ, ತಮ್ಮಾ. ದಿನಾ ಎರಡು ಸಲ ಬತ್ತದೆ, ಹೋತದೆ."

"ದಿನಾ ಎರಡು ಸಲಾ? ಮತ್ತ ನೀವು ಸಂತಿಗೆ ಯಾವಾಗ ಹೋಗ್ತೀರಿ ಯವ್ವಾ?"

ಮಂದಿ ನಕ್ಕು ನಕ್ಕು ಉಸುಕಿನ್ಯಾಗ ಕುಂತಬಿಟ್ರು. ನಾ ಮಾತ್ರ ಅಳಾಕ ಹತ್ತಿದೆ. ರೊಟ್ಟಿ ಹೋತು, ಇನ್ನೇನು, ಊರ ದಾರಿ ಹಿಡಿಯೂದ. ಮುದುಕಿ ಕಣ್ಣೊರಸಿಕೊಂಡು, ಬಿಸಿ ಗಂಜಿ, ಉಪ್ಪಿನಕಾಯಿ ತಂದಿಟ್ಲು.

ಮರುದಿನ ಮುಂದಿನ ಊರಿಗೆ ಕಾಲಿಡೂದರಾಗ ಸುದ್ದಿ ದೋಣಿ ಹತ್ತಿ ನನಗಿಂತ ಲಗೂ ಮುಟ್ಟಿತ್ತು. "ಹಳ್ಳದವ ಬಂದ! ಒಂದು ಸಲ ಕೂಗು ತಮ್ಮಾ, ಆಮೇಲೆ ಉಣ್ಣು" ಅಂದ್ರು. ಹಿಂಗ ಭಟ್ಕಳದ ತನಕ ಊರೂರು ನಡದೆ, ರೊಟ್ಟಿ ಲೆಕ್ಕದ ಹತ್ತು ದಿನ ದಾಟಿ ಇಪ್ಪತ್ತಾದ್ರೂ ಹೊಳ್ಳಲಿಲ್ಲ. ಅಂಗಳದಾಗ ನಿಂತು ನಾ "ಹಳ್ಳ ಬಂತೂ!" ಅಂತ ಒದರೂದು, ಒಳಗಿಂದ ಗಂಜಿ ಬರೂದು.