ಹೋದ ವಾರ ಮನೆಯಿಂದಾಚೆ ಎಷ್ಟು ಸಲ ಹೋಗಿದ್ರಿ?

"ಅದು ಇವಳ ಕೈಲಾಗೋ ಕೆಲ್ಸವಲ್ಲ" ಎಂದವರು ನನ್ನ ಸೋದರಮಾವ. ಕಾಮಗೆರೆಯ ನಮ್ಮ ಮನೆಯ ಜಗಲಿಯ ಮೇಲೆ ಕೂತು, ನನ್ನ ತಾಯಿಗೆ ಹೇಳುವಂತೆ, ಆದರೆ ನನಗೆ ಕೇಳಿಸಲಿ ಅಂತಲೇ ಹೇಳಿದರು. "ಎಸ್ಸೆಸ್ಸೆಲ್ಸಿ ಫೇಲಾಗಿ ಮಗ್ಗದ ಮನೇಲಿ ನೂಲು ಸುತ್ತೋಳು ಮನೆಮನೆಗೆ ಪ್ರಶ್ನೆ ಕೇಳೋ ಸಂಶೋಧನೆ ಕೆಲ್ಸಕ್ಕೆ ಹೋದಾಳಾ? ಪ್ರಶ್ನೆ ಯಾರಾದ್ರೂ ಕೇಳ್ತಾರೆ ಕಣಕ್ಕ. ಉತ್ತರ ಮುಗಿಯಗಂಟ ಬಾಯಿ ಮುಚ್ಕಂಡಿರದು ಇವಳಿಗೆ ಬಂದದಾ?"

ಹೋಗಿಯೇ ತೀರುತ್ತೇನೆ ಎಂದು ನಿಶ್ಚಯಿಸಿದ್ದು ಆಗಲೇ. ಕೊಳ್ಳೇಗಾಲದ ಲೈಬ್ರರಿಯಲ್ಲಿ ಎಂ.ಎ. ಓದುವವರಿಗೆಂದು ಬರೆದ ಸಂಶೋಧನಾ ವಿಧಾನದ ದಪ್ಪ ಪುಸ್ತಕವೊಂದಿತ್ತು. ಒಂದು ಪುಟ ತಿಳಿಯದೆ ಮುಂದಿನ ಪುಟ ತಿರುಗಿಸುವುದಿಲ್ಲ ಎಂದು ಹಟ ಹಿಡಿದು ಓದಿದೆ. ಒಂದು ಊಹೆ ಮಾಡು, ಅದು ಸುಳ್ಳಾಗುವುದಾದರೆ ಸುಳ್ಳಾಗಲಿ ಅಂತ ಪರೀಕ್ಷೆಗೆ ಒಡ್ಡು, ಉಳಿದುಕೊಂಡರೆ ಸದ್ಯಕ್ಕೆ ನಂಬು. ಇಷ್ಟೇ ಅದರ ಸಾರ. ಪುಸ್ತಕ ಹೇಳದೇ ಬಿಟ್ಟದ್ದು ಒಂದಿದೆ. ಕಲ್ಲು, ಮಣ್ಣು ಪರೀಕ್ಷೆ ಮಾಡುವವರಿಗೆ ಕಲ್ಲು ಎದುರುತ್ತರ ಕೊಡುವುದಿಲ್ಲ. ಜನರನ್ನು ತಿಳಿಯಲು ಹೊರಟವರಿಗೆ ಮಾತ್ರ ಮುಂದೆ ಹೇಳುವಂಥ ಪ್ರಸಂಗಗಳು ಬೇಡವೆಂದರೂ ಆಗುತ್ತಲೇ ಇರುತ್ತವೆ.

ಹೆಂಗಸರಿಗೆ ಮನೆಯಲ್ಲಿ ಎಷ್ಟು ಸ್ವಾತಂತ್ರ್ಯವಿದೆ ಎಂದು ಅಳೆಯಲು ಮೈಸೂರಿನಿಂದ ಒಬ್ಬ ಮೇಡಂ ಬಂದಿದ್ದರು. ಅವರು ನನ್ನನ್ನು ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. "ನೀನು ಕೇಳಿದ ಮನೆಗಳಲ್ಲಿ ಕೆಲವಕ್ಕೆ ಇನ್ನೊಬ್ಬರು ಹೋಗಿ ಅದೇ ಪ್ರಶ್ನೆ ಕೇಳುತ್ತಾರೆ. ಉತ್ತರ ತಾಳೆಯಾದರೆ ಕೊಳ್ಳೇಗಾಲ, ಯಳಂದೂರು, ಹನೂರು, ಮೂರೂ ತಾಲ್ಲೂಕಿಗೆ ನೀನೇ ಮೇಲ್ವಿಚಾರಕಿ. ಆಗದಿದ್ದರೆ ಮನೆಗೆ" ಎಂದರು. ಮನೆಗೆ ಎಂದರೆ ಸೋದರಮಾವನ ಮುಂದಕ್ಕೆ. ಅದು ಮೇಡಂಗೆ ಗೊತ್ತಿರಲಿಲ್ಲ.

೧. ತೀರ್ಮಾನ ಯಾರದು?

ಮೊದಲ ಪ್ರಶ್ನೆಯನ್ನು ಯಳಂದೂರಿನ ಕಡೆ ಒಂದು ಹಳ್ಳಿಯಲ್ಲಿ ಕೇಳಿ ನೋಡಿದೆವು. "ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಯಾರು?"

ಜಗಲಿಯ ಮೇಲಿದ್ದ ಯಜಮಾನರು ಮೀಸೆಯ ಮೇಲೆ ಕೈಯಾಡಿಸಿ, "ಇನ್ಯಾರು? ನಾನೇ" ಎಂದರು.

ಮೇಡಂ ಪಕ್ಕದಲ್ಲೇ ಇದ್ದರು. "ಇತ್ತೀಚೆಗೆ ತೆಗೆದುಕೊಂಡ ಒಂದು ತೀರ್ಮಾನ ಹೇಳಿ" ಎಂದರು.

ಯಜಮಾನರು ಯೋಚಿಸಿದರು. ಸೂರು ನೋಡಿದರು. ಎತ್ತು ನೋಡಿದರು. ಕೊನೆಗೆ ಒಳಗಿದ್ದ ಹೆಂಡತಿಯನ್ನು ಕೂಗಿದರು. "ಅಮ್ಮೀ, ನಾನು ಈಚೀಚೆಗೆ ಏನ್ ತೀರ್ಮಾನ ಮಾಡ್ದೆ?"

ಒಳಗಿಂದ ಉತ್ತರ ಬಂತು. "ಸರ್ವೇವ್ರು ಬಂದ್ರೆ ಆಚೆ ಕೂತ್ಕಂಡು ನೀವೇ ಮಾತಾಡಿ ಅಂತ ಏಳಿದ್ದು ನಾನು. ನಿಮ್ದು ಯಾವ್ದು ಅಂತ ನಂಗೇನ್ ಗೊತ್ತು?"

ಮೇಡಂ ಆ ಪ್ರಶ್ನೆಯನ್ನು ಅಲ್ಲೇ ಕೈಬಿಟ್ಟರು. "ಜನ ತಮ್ಮ ಬಗ್ಗೆ ಏನು ನಂಬಿದ್ದಾರೆ ಅನ್ನೋದು ಬೇರೆ, ಏನು ಮಾಡ್ತಾರೆ ಅನ್ನೋದು ಬೇರೆ. ಎಣಿಸೋಕೆ ಬರೋದನ್ನು ಕೇಳೋಣ" ಎಂದರು. ಹಾಗೆ ಹುಟ್ಟಿದ ಪ್ರಶ್ನೆಯೇ "ಹೋದ ವಾರ ಮನೆಯಿಂದಾಚೆ ಎಷ್ಟು ಸಲ ಹೋಗಿದ್ರಿ?" ಎನ್ನುವುದು. ಹೆಚ್ಚು ಸಲ ಹೋದವರಿಗೆ ಹೆಚ್ಚು ಸ್ವಾತಂತ್ರ್ಯ ಎಂದು ನಮ್ಮ ಊಹೆ.

ಹೊರಡುವಾಗ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ನಾನೇ ಅಂತ್ಲೇ ಇರ್ಲಿ ಕಣವ್ವ, ಅಳಿಸ್ಬೇಡ" ಎಂದರು.

೨. ಬಿಟ್ಟುಹೋದ ಮನೆ

ಯಾವ ಮನೆಗೆ ಹೋಗಬೇಕು ಎಂಬುದನ್ನು ನಾವು ಆರಿಸುವಂತಿಲ್ಲ. ಉತ್ತರ ತುಂಬಲು ಕೊಟ್ಟ ಟ್ಯಾಬ್ ತಾನೇ ಚೀಟಿ ಎತ್ತಿದಂತೆ ಆರಿಸುತ್ತದೆ. ಹನೂರಿನ ಬಳಿ ಒಂದು ಊರಿನಲ್ಲಿ ಅದು ಊರಿನ ಅತಿ ದೊಡ್ಡ ಮನೆಯನ್ನೇ ಬಿಟ್ಟಿತು. ಆ ಮನೆಯ ಗೌಡರು ಬೀದಿಗೇ ಬಂದು ನಿಂತರು.

"ನಮ್ಮನೆ ಬುಟ್ಟು ಈ ಊರಲ್ಲಿ ಏನವ್ವ ಸರ್ವೆ?"

"ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ರಾಶಿಯೊಳಗೆ ಕೈ ಹಾಕಿ ಸಿಕ್ಕಿದ ಒಂದು ಹಿಡಿ ತೆಗೆದು ನೋಡ್ತಾರಲ್ಲ ಸಾ, ಹಾಗೆ" ಎಂದೆ. "ನಮಗೆ ಬೇಕಾದ ಗೂಡನ್ನೇ ಆರಿಸಿಕೊಂಡರೆ ರಾಶಿ ಎಂಥದ್ದು ಅಂತ ಗೊತ್ತಾಗುತ್ತಾ?"

ಗೌಡರಿಗೆ ತಕ್ಷಣ ಅರ್ಥವಾಯಿತು. "ಆಗಲ್ಲ. ಒಳ್ಳೆ ಗೂಡ ಮೇಲಿಕ್ಕಿ ಕೆಟ್ಟದ್ದ ಅಡೀಲಿ ಮುಚ್ಚಿರ್ತಾರೆ. ಅದ್ಕೇ ಅಡೀಗಂಟ ಕೈ ಆಕೋದು" ಎಂದು ನನಗೇ ಪಾಠ ಹೇಳಿ, ತಲೆಯಾಡಿಸಿಕೊಂಡು ಹೋದರು. ಇಷ್ಟು ಚೆನ್ನಾಗಿ ವಿವರಿಸಿದೆನಲ್ಲ ಎಂದು ನನಗೆ ಜಂಬವೇ ಬಂತು.

ಮುಂದಿನ ಮನೆಯ ಬಾಗಿಲು ಬಡಿದೆ. ತೆರೆದವರು ಅದೇ ಗೌಡರು. ಹಿತ್ತಿಲ ಕಡೆಯಿಂದ ಬಂದು ನನಗಿಂತ ಮೊದಲೇ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ.

"ಇದು ನಮ್ ತಮ್ಮನ ಮನೆ" ಎಂದರು. "ಅಡೀಗಂಟ ಕೈ ಆಕ್ದೆ, ನಾನೇ ಸಿಕ್ದೆ ಅನ್ಕೋ. ಕೇಳು."

೩. ಗುಟ್ಟಾಗಿ ಕೇಳುವುದು

ಉತ್ತರ ಕೊಡುವವರನ್ನು ಒಬ್ಬರೇ ಇರುವಾಗ ಕೇಳಬೇಕು. ಹತ್ತಿರ ಯಾರಾದರೂ ಇದ್ದರೆ ಉತ್ತರ ಬದಲಾಗುತ್ತದೆ. ಮಾರ್ಟಳ್ಳಿಯಲ್ಲಿ ಒಬ್ಬ ಸೊಸೆಗೆ ಇದನ್ನು ವಿವರಿಸಿದಾಗ ಆಕೆ "ವಾಮ್ಮಾ" ಎಂದು ತಮಿಳಿನಲ್ಲಿ ಕರೆದು, ನನ್ನ ಕೈಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಹಸು, ಕರು, ಅವಳು, ನಾನು.

"ಹೋದ ವಾರ ಮನೆಯಿಂದಾಚೆ ಎಷ್ಟು ಸಲ ಹೋಗಿದ್ರಿ?" ಎಂದು ಪಿಸುಗುಟ್ಟಿದೆ.

"ಮೂರು ಸಲ" ಎಂದು ಅವಳೂ ಪಿಸುಗುಟ್ಟಿದಳು.

"ನಾಲ್ಕು!" ಎಂದಿತು ಗೋಡೆಯ ಮೇಲೆ ಮೂಡಿದ ಒಂದು ತಲೆ. ಪಕ್ಕದ ಮನೆಯಾಕೆ. "ಶುಕ್ರವಾರ ನಮ್ಮನೇಲಿ ಟೀವಿ ನೋಡಕ್ಕೆ ಬಂದಿದ್ಯಲ್ಲಾ, ಅದ ಬುಟ್ಟೆ ಕಣೇ. ಸರ್ಕಾರಕ್ಕೆ ಸುಳ್ಳು ಏಳ್ಬಾರ್ದು."

"ಶುಕ್ರವಾರ ತಲೆನೋವು ಅಂತ ಮಲಗಿದ್ಯಲ್ಲ?" ಹುಲ್ಲಿನ ಮೆದೆಯ ಹಿಂದಿನಿಂದ ಅತ್ತೆಯ ದನಿ.

ಸೊಸೆ ನನ್ನ ಟ್ಯಾಬನ್ನು ಒಮ್ಮೆ, ಅತ್ತೆಯನ್ನು ಒಮ್ಮೆ ನೋಡಿದಳು. "ಹೋದ ವಾರಕ್ಕೆ ನಾಲ್ಕು ಬರ್ಕಳಿ" ಎಂದಳು. "ಈ ವಾರಕ್ಕೆ ಸೊನ್ನೆ. ಈಗ್ಲೇ ಬರ್ಕಂಡ್ಬುಡಿ, ಮತ್ತೆ ಬರೋದು ಉಳೀತದೆ."

೪. ಮೇಷ್ಟ್ರು ಹಿಡಿದ ತಪ್ಪು

ಮರುತಪಾಸಣೆಗೆ ಬಂದವರು ನಿವೃತ್ತ ಗಣಿತದ ಮೇಷ್ಟ್ರು. ಅವರ ಪಾಲಿಗೆ ಬಂದದ್ದು ಕೊಳ್ಳೇಗಾಲದ ಪಕ್ಕದ, ರೇಷ್ಮೆ ಹುಳು ಸಾಕುವ ಒಂದು ಊರು. ಅಲ್ಲಿನ ಹೆಂಗಸರೆಲ್ಲ ನನಗೆ "ಎಲ್ಲೂ ಓಗಿಲ್ಲ" ಎಂದಿದ್ದರು. ಎರಡು ವಾರ ಬಿಟ್ಟು ಮೇಷ್ಟ್ರು ಹೋದರೆ, ಅದೇ ಹೆಂಗಸರು ತವರು, ಸಂತೆ, ದೇವರ ಬೆಟ್ಟ, ಬಳೆ ಅಂಗಡಿ ಎಂದು ಬೆರಳು ಮಡಚಿ ಮಡಚಿ ಎಣಿಸಿದರಂತೆ.

"ಒಂದು ಮನೆಯಾದರೆ ಸರಿ. ಇಡೀ ಊರೇ ಬದಲಾಗುತ್ತಾ? ಈಯಮ್ಮ ಹುಣಸೆ ಮರದ ಕೆಳಗೆ ಕೂತು ಸೊನ್ನೆ ಸೊನ್ನೆ ಅಂತ ಒತ್ತಿದ್ದಾರೆ" ಎಂದು ಮೇಷ್ಟ್ರು ಮೇಡಂ ಎದುರು ತೀರ್ಪು ಕೊಟ್ಟರು.

ನಾನು ಕೂಗಾಡಿದೆ. ಮೇಡಂ, "ಕೂಗಿದರೆ ಅದು ಸಾಕ್ಷಿ ಆಗೋದಿಲ್ಲ. ಉತ್ತರ ಯಾಕೆ ಬದಲಾಯಿತು? ಒಂದು ಊಹೆ ಹೇಳು, ಪರೀಕ್ಷೆ ಮಾಡೋಣ" ಎಂದರು.

"ನಾನು ಹೋದಾಗ ಗಂಡಂದಿರು ಮನೆಯಲ್ಲಿದ್ದರು. ಹೆದರಿ ಹಾಗೆಂದರು" ಎಂದೆ.

ಮೂವರೂ ಹೋಗಿ, ಗಂಡಂದಿರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿದೆವು. ಹೆಂಗಸರು ಮತ್ತೆ ಸಂತೆ, ಬೆಟ್ಟ ಎಂದು ಎಣಿಸಿದರು. ಒಬ್ಬ ಗಂಡನಂತೂ, "ಮನೇಲಿದ್ರೆ ತಾನೆ ಮೇಡಂ, ನಂಗೂ ಕಾಣ್ಸಲ್ಲ ಇವಳು" ಎಂದ. ನನ್ನ ಊಹೆ ನೆಲಕಚ್ಚಿತು. ಮೇಷ್ಟ್ರು ನನಗೆ ಕೇಳಿಸುವಂತೆ ಕಾಮಗೆರೆಗೆ ಹೋಗುವ ಬಸ್ಸಿನ ಹೊತ್ತು ವಿಚಾರಿಸಿದರು.

ಆಗ ಅಂಗಳದಲ್ಲಿ ತೊಳೆದು ಒಣಗಿಸಿದ್ದ, ಹುಳು ಸಾಕುವ ಬಿದಿರಿನ ತಟ್ಟೆಗಳು ಕಣ್ಣಿಗೆ ಬಿದ್ದವು. ನಾನು ಮೊದಲ ಸಲ ಬಂದಾಗ ಇದೇ ಮನೆಯಾಕೆ ಸೊಪ್ಪಿನ ಹೊರೆ ಹೊತ್ತುಕೊಂಡು, "ಅಲ್ಲೇ ನಿಂತ್ಕಳಿ, ಹುಳ ಮೇಯ್ತಾವೆ, ಹೊರಗಿನವ್ರು ಬರಂಗಿಲ್ಲ" ಎಂದು ಹೊಸಲಿನಾಚೆಯೇ ನಿಲ್ಲಿಸಿ ಮಾತಾಡಿದ್ದಳು. ಗೂಡು ಕಟ್ಟುವ ಮುಂಚಿನ ದಿನಗಳಲ್ಲಿ ಹುಳು ಬಿಡುವಿಲ್ಲದೆ ತಿನ್ನುತ್ತದೆ; ಸೊಪ್ಪು ಹಾಕುವವರು ಮನೆ ಬಿಟ್ಟು ಕದಲುವಂತಿಲ್ಲ. ಮೇಷ್ಟ್ರು ಬಂದದ್ದು ಗೂಡು ಮಾರಿದ ಮೇಲೆ.

"ಕಟ್ಟಿಹಾಕೋದು ಗಂಡ ಅಲ್ಲ ಮೇಡಂ, ಹುಳು!" ಎಂದೆ.

"ಇದೂ ಊಹೆಯೇ" ಎಂದರು ಮೇಡಂ. ಕಣ್ಣು ಮಾತ್ರ ಅರಳಿತ್ತು. "ಇನ್ನೊಂದು ಊರಲ್ಲಿ ನೋಡೋಣ. ಯಾರ ಮನೆಯಲ್ಲಿ ಹುಳು ಇದೆ ಅಂತ ನಿನಗೆ ತಿಳಿಯಬಾರದು, ತಿಳಿದರೆ ನಿನಗೆ ಬೇಕಾದ ಉತ್ತರವೇ ಕೇಳಿಸುತ್ತೆ. ಅಂಗನವಾಡಿಯಲ್ಲಿ ಕೂತಿರು, ಹೆಂಗಸರನ್ನು ಅಲ್ಲಿಗೇ ಕರೆಸ್ತೀನಿ."

ಕರೆಸಿದರು. ಬಿಡುವಾಗಿದ್ದವರಷ್ಟೇ ಬಂದರು. "ಮಿಕ್ಕವ್ರು?" ಎಂದು ಮೇಡಂ ಕೇಳಿದ್ದಕ್ಕೆ ಒಬ್ಬ ಅಜ್ಜಿ, "ಹುಳ ಬುಟ್ಟು ಬರಕ್ಕಾದದಾ ತಾಯಿ? ಆಚೆ ಓಗಕ್ಕೆ ಆಗ್ದವ್ರು ಯಾರು ಅಂತ ಕೇಳಕ್ಕೆ ಆಚೆ ಕರೆದ್ರೆ ಎಂಗೆ ಬಂದಾರು?" ಎಂದಳು. ಮೇಡಂ ಅಂಗನವಾಡಿಯ ಪುಟ್ಟ ಕುರ್ಚಿಯಲ್ಲಿ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

೫. ಒಂದೇ ಒಂದು ಮನೆ

ಆಮೇಲೆ ಹೀಗೆ ಗೊತ್ತುಮಾಡಿದೆವು: ನಾನು ಅಂಗನವಾಡಿಯಿಂದ ಫೋನಿನಲ್ಲಿ ಕೇಳುವುದು, ಮೇಷ್ಟ್ರು ಮನೆಮನೆಗೆ ಹೋಗಿ ಹುಳು ಇದೆಯೇ ಎಂದು ನೋಡಿಬರುವುದು, ಮೇಡಂ ಎರಡನ್ನೂ ಪಕ್ಕಪಕ್ಕ ಇಡುವುದು.

ಹುಳು ಇರುವ ಮನೆ, ಎಲ್ಲೂ ಹೋಗಿಲ್ಲ. ಹುಳು ಇಲ್ಲ, ಸಂತೆಗೆ ಹೋಗಿದ್ದೆ. ಮನೆ ಮೇಲೆ ಮನೆ ತಾಳೆಯಾಗುತ್ತಾ ಬಂತು. ಮೇಷ್ಟ್ರ ಮುಖ ಚಿಕ್ಕದಾಗುತ್ತಾ ಬಂತು. ಕೊನೆಯ ಮನೆಯೊಂದು ಕೈಕೊಟ್ಟಿತು. ಮನೆ ತುಂಬ ಹುಳು, ಆಕೆ ಮಾತ್ರ, "ದಿನಾ ಓಯ್ತೀನಲ್ಲಾ!" ಎಂದಿದ್ದಳು.

"ನೋಡಿ!" ಎಂದು ಮೇಷ್ಟ್ರು ಎದ್ದು ನಿಂತರು. ಮೇಡಂ, "ತಾಳೆಯಾಗದ ಮನೆಯನ್ನೇ ಮೊದಲು ನೋಡಬೇಕು" ಎಂದು ಚಪ್ಪಲಿ ಮೆಟ್ಟಿದರು.

ಹುಳುಮನೆಯಿಂದ ಗಂಡಸೊಬ್ಬ ಹೊರಬಂದ. ತಲೆಯಲ್ಲಿ ಹಿಪ್ಪುನೇರಳೆ ಎಲೆ, ಹೆಗಲಲ್ಲಿ ಬುಟ್ಟಿ, ಕಣ್ಣಲ್ಲಿ ನಿದ್ದೆ. "ಅವ್ಳ ಕೇಳ್ತೀರಲ್ಲ ಮೇಡಂ, ನನ್ನೂ ಒಸಿ ಕೇಳಿ. ಹೋದ ವಾರ ಎಷ್ಟು ಸಲ ಆಚೆಗೆ ಓಗಿದ್ದೆ ಅಂತ!"

ಕೇಳಿದೆ. ಸೊನ್ನೆ.

ಊಹೆ ಮುರಿಯಲಿಲ್ಲ, ಗಟ್ಟಿಯಾಯಿತು. ಹುಳು ನೋಡಿಕೊಳ್ಳುವವರು ಯಾರೋ ಅವರಿಗೆ ಮನೆಯೇ ಜೈಲು. ಹೆಣ್ಣೋ ಗಂಡೋ, ಹುಳಕ್ಕೇನು? ಆದರೆ ಈ ಒಂದು ಮನೆಯಲ್ಲಿ ಗಂಡ ಯಾಕೆ ಒಳಗಿದ್ದ?

"ನನ್ ಕೈ ಹುಳಕ್ಕೆ ಆಗಲ್ಲ" ಎಂದು ಹೆಂಡತಿ ಸೀರೆ ನೆರಿಗೆ ಸರಿಮಾಡಿಕೊಳ್ಳುತ್ತಾ ಹೇಳಿದಳು. ಎಲ್ಲಿಗೋ ಹೊರಟು ನಿಂತಿದ್ದಳು. "ಮದ್ವೆಯಾದ ವರ್ಸ ನಾನು ಸೊಪ್ಪು ಆಕ್ದೆ, ಹುಳ ಎಲ್ಲಾ ಸತ್ತು ಆ ಬೆಳೆ ಓಯ್ತು. ಇವ್ಳ ಕೈ ಆಗಲ್ಲ ಅಂದ್ಬುಟ್ರು ಅತ್ತೆ. ಅವತ್ತಿಂದ ಮುಟ್ಟಿಲ್ಲ."

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಸೋತ ಬೇಸರವೆಲ್ಲ ಮರೆತು ಪಾಠಕ್ಕೆ ನಿಂತರು. "ಒಂದೇ ಸಲ ಆದದ್ದಕ್ಕೆ ಹಾಗನ್ನಬಹುದೇನಮ್ಮಾ? ವೈಜ್ಞಾನಿಕವಾಗಿ ನೋಡಬೇಕು. ಅರ್ಧ ಹುಳಕ್ಕೆ ನೀನು ಸೊಪ್ಪು ಹಾಕು, ಅರ್ಧಕ್ಕೆ ಅವನು ಹಾಕಲಿ. ಒಂದೇ ಬೆಳೆಯಲ್ಲಿ ಗೊತ್ತಾಗಿಬಿಡುತ್ತೆ!"

ಗಂಡ ಬುಟ್ಟಿ ಕೆಳಗಿಟ್ಟು ಆಸೆಯಿಂದ ಮೇಷ್ಟ್ರನ್ನೇ ನೋಡಿದ. ಹೆಂಡತಿ ಮೇಷ್ಟ್ರನ್ನು ಕಂಬದ ಮರೆಗೆ ಕರೆದು ಕೈಮುಗಿದಳು.

"ನಿಮ್ ದಮ್ಮಯ್ಯ ಸಾ, ನಮ್ಮನೇಲಿ ಮಾತ್ರ ಪರೀಕ್ಷೆ ಮಾಡ್ಬೇಡಿ. ನನ್ ಕೈ ಒಳ್ಳೇದು ಅಂತ ಕಂಡುಹಿಡ್ದುಬುಟ್ರೆ ನನ್ ಗತಿ ಏನು?"

ನನ್ನ ಸೊನ್ನೆಗಳು ನಿಜವೆಂದು ಸಾಬೀತಾಗಿ, ಆ ಸಂಜೆಯೇ ಮೇಡಂ ನನ್ನನ್ನು ಮೇಲ್ವಿಚಾರಕಿ ಮಾಡಿದರು. ಈಗ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದೆ ಮಹಡಿಯ ಮೇಲೊಂದು ಕಚೇರಿ ನನ್ನದು. ಒಂದು ಸ್ಕೂಟರು, ಕೈಕೆಳಗೆ ಸರ್ವೆಗೆ ಹೋಗುವ ಹೆಣ್ಣುಮಕ್ಕಳು, ಒಂದು ಗೋಡೆ ತುಂಬ ನಾನೇ ಕೊಂಡು ನಾನೇ ಓದಿದ ಪುಸ್ತಕಗಳು. ಇದಕ್ಕೆಲ್ಲ ತೆತ್ತ ಬೆಲೆಯನ್ನೂ ಹೇಳಿಬಿಡುತ್ತೇನೆ. ಯಾರು ಏನೇ ಹೇಳಿದರೂ "ನಿಮಗೆ ಹೇಗೆ ಗೊತ್ತು?" ಎಂದು ಕೇಳುವ ಚಟ ಹತ್ತಿತು. ನಮ್ಮ ನೆಂಟರಲ್ಲಿ ಒಬ್ಬರೂ ಹೆಣ್ಣು ನೋಡುವ ಶಾಸ್ತ್ರಕ್ಕೆ ನನ್ನನ್ನು ಈಗ ಕರೆಯುವುದಿಲ್ಲ.